ಮಳೆ ರಜೆಯಲ್ಲಿ ಮಕ್ಕಳ ಕೈಗೆ ಏನು ಕೊಡಲಿ?

ಪ್ರಶ್ನೆ: ಟೀಚರಿಗೆ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಗಳು ನಾಲ್ಕನೇ ಕ್ಲಾಸು, ಮಗನಿಗೆ ಐದು ವರ್ಷ. ಜೋರು ಮಳೆಗೆ ಕಲೆಕ್ಟರು ರಜೆ ಕೊಟ್ಟ ದಿನ ಇಬ್ಬರೂ ಮೊಬೈಲಿನಲ್ಲಿ ಕ್ರಾಫ್ಟ್ ವೀಡಿಯೊ ನೋಡಿ ಫೋಮ್ ಶೀಟ್, ಗ್ಲಿಟರ್, ಗ್ಲೂ ಗನ್ ಬೇಕೆಂದು ಹಠ ಹಿಡಿಯುತ್ತಾರೆ. ಒಮ್ಮೆ ಪೇಟೆಯಿಂದ ತಂದುಕೊಟ್ಟೆ, ಎರಡೇ ದಿನದಲ್ಲಿ ಎಲ್ಲ ಮೂಲೆ ಸೇರಿತು. ಮಗ ಹತ್ತು ನಿಮಿಷ ಕೂತರೆ ಹೆಚ್ಚು. ಮಗಳು ವೀಡಿಯೊದಲ್ಲಿದ್ದ ಹಾಗೆ ಬರಲಿಲ್ಲವೆಂದು ಹರಿದು ಹಾಕಿ ಅಳುತ್ತಾಳೆ. ಮನೆಯಲ್ಲೇ ಸಿಗುವ ಸಾಮಾನಿನಲ್ಲಿ ಏನು ಮಾಡಿಸಬಹುದು? ಮಗಳನ್ನು ಶಾಲೆಯ ವೃತ್ತಿ ಪರಿಚಯ ಮೇಳಕ್ಕೆ ಸೇರಿಸಬಹುದೇ?

ಉತ್ತರ: ನೀವು ಕೇಳಿದ್ದು ಸಾಮಾನಿನ ಬಗ್ಗೆ. ಆದರೆ ಮಗಳ ಅಳುವಿಗೂ ಮಗನ ಚಡಪಡಿಕೆಗೂ ಮೂಲ ಒಂದೇ ಎಂದು ನನಗೆ ಕಾಣುತ್ತದೆ. ವೀಡಿಯೊ ಶುರುವಾಗುವುದೇ ಮಾಡಿ ಮುಗಿಸಿದ ವಸ್ತುವಿನಿಂದ. ಮೊದಲಿಗೇ ಹೊಳೆಯುವ ನವಿಲೊಂದು ತೆರೆಯ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ಮಗು ಏನು ಮಾಡಿದರೂ ಅದು ಆ ನವಿಲಿನ ಹಾಗೆ ಆಯಿತೇ ಇಲ್ಲವೇ ಎಂಬುದೊಂದೇ ಲೆಕ್ಕ. ಅದಕ್ಕೇ ನಾನು ಹೇಳುವುದು: ಮಾದರಿ ತೋರಿಸಬೇಡಿ, ವಸ್ತು ಕೊಡಿ. ಒಂದು ಹಾಳೆ, ಒಂದು ಮಡಲು, ಒಂದು ಬೊಗಸೆ ಮಣ್ಣು ಮುಂದಿಡಿ. ಮುಟ್ಟಲಿ, ಮಡಚಲಿ, ನೀರಿಗೆ ಹಾಕಲಿ, ಸೀಳಲಿ. ಅದು ಎಲ್ಲಿ ಬಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ಕೈಗೆ ಗೊತ್ತಾದ ಮೇಲೆ ಅದರಿಂದ ಏನಾದೀತು ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಹಾಗೆ ಹೊಳೆದದ್ದನ್ನು ಮಾಡಲು ಅವರು ಕೂರುವ ಹೊತ್ತು ನಿಮಗೇ ಆಶ್ಚರ್ಯ ತರಬಹುದು.

ನಿಮ್ಮ ಕಡೆಯಲ್ಲಿ ತೋಟ ಇಲ್ಲದ ಮನೆ ಕಡಿಮೆ. ಆದ್ದರಿಂದ ಅಡಿಕೆ ಹಾಳೆಯಿಂದಲೇ ಆರಂಭಿಸಿ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ, ಹಾಳಾದರೂ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಮಕ್ಕಳ ಕೆಲಸಕ್ಕೆ ಇದು ದೊಡ್ಡ ಗುಣ. ದುಬಾರಿ ಕಾಗದ ಕೊಟ್ಟಾಗ ‘ಜಾಗ್ರತೆ’ ಎನ್ನುವ ನಿಮ್ಮ ಮಾತೇ ಮಗುವಿನ ಕೈಯನ್ನು ಅರ್ಧ ಹಿಡಿದಿಡುತ್ತದೆ.

ಒಣಗಿದ ಹಾಳೆಯನ್ನು ಹಾಗೆಯೇ ಬಗ್ಗಿಸಿದರೆ ಉದ್ದಕ್ಕೆ ಸೀಳುತ್ತದೆ. ಅದೂ ಒಂದು ಪಾಠ, ಒಂದು ಹಾಳೆ ಸೀಳಲಿ ಬಿಡಿ. ಇನ್ನೊಂದನ್ನು ಬಚ್ಚಲಿನ ಬಕೆಟಿನಲ್ಲಿ ಅರ್ಧ ಮುಕ್ಕಾಲು ಗಂಟೆ ಮುಳುಗಿಸಿಡಿ. ತೊಗಲಿನ ಹಾಗೆ ಮೆತ್ತಗಾಗಿ ಬೇಕೆಂದ ಕಡೆಗೆ ಬಾಗುತ್ತದೆ, ಸಾಧಾರಣ ಕತ್ತರಿಗೂ ಸಿಗುತ್ತದೆ. ಮುಟ್ಟಾಳೆ ಎಂಬ ಹಾಳೆಯ ಟೊಪ್ಪಿ ಹೊಲಿಯುವವರು ಹಾಳೆಯನ್ನು ನೆನೆಸಿ ಹದ ಮಾಡಿಕೊಳ್ಳುವುದೂ ಇದಕ್ಕೇ. ಮನೆಯಲ್ಲಿ ಅಜ್ಜ ಇದ್ದು ಅವರಿಗೆ ಮುಟ್ಟಾಳೆ ಮಡಚಲು ಬರುವುದಾದರೆ ಆ ದಿನದ ಟೀಚರು ಅವರೇ ಆಗಲಿ. ಇಲ್ಲದಿದ್ದರೆ ಮುಖವಾಡ ಮಾಡಿ: ಹಾಳೆಯ ಅಗಲದ ಭಾಗವನ್ನು ಮುಖದಷ್ಟು ಕತ್ತರಿಸಿ, ಕಣ್ಣಿನ ಜಾಗವನ್ನು ಮಗುವಿನ ಮುಖಕ್ಕೆ ಹಿಡಿದು ಇದ್ದಲಿನಿಂದ ಗುರುತು ಮಾಡಿ, ಆ ತೂತು ಮಾತ್ರ ನೀವು ಕೊರೆದುಕೊಡಿ. ಮೂಗು, ಕೆನ್ನೆ, ಕೋರೆಹಲ್ಲು ಮಕ್ಕಳದ್ದು. ಉಳಿದ ತುಂಡುಗಳಿಂದ ಮೂಗು ಮಡಚಿ, ದಬ್ಬಣದಲ್ಲಿ ತೂತು ಮಾಡಿ, ಬಾಳೆನಾರಿನಲ್ಲಿ ಕಟ್ಟಬಹುದು. ಅಂಟು ಬೇಕಾಗುವುದೇ ಇಲ್ಲ.

ಹಾಳೆಯ ಒಳಮೈ ನುಣುಪು, ಬಿಳಿಚು. ಬಣ್ಣ ಹಿಡಿಯುವುದು ಆ ಮುಖ. ಹೊರಮೈಯ ಗೆರೆಗಳನ್ನು ಹಾಗೆಯೇ ಬಿಟ್ಟರೆ ಹುಲಿಯ ಮುಖಕ್ಕೋ ಭೂತಕೋಲದ ಮುಖಕ್ಕೋ ಅವೇ ಅಲಂಕಾರ. ಒಣಗಿಸುವುದೇ ಮಳೆಗಾಲದ ದೊಡ್ಡ ಕಷ್ಟ. ಒದ್ದೆ ಹಾಳೆಯನ್ನು ಮೂಲೆಯಲ್ಲಿಟ್ಟರೆ ಎರಡನೇ ದಿನಕ್ಕೆ ಬೂಸಲು ಬರುತ್ತದೆ, ಬರಿದೇ ನೇತುಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿ, ಎರಡು ಹಲಗೆಯ ನಡುವೆ ಭಾರ ಹೇರಿ ಒಂದು ರಾತ್ರಿ ಇಟ್ಟು, ಆಮೇಲೆ ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲ ಒಲೆಯ ಹತ್ತಿರವೋ ಒಣಗಿಸಿ. ಬೆಂಕಿಯ ಪಕ್ಕದ ಕೆಲಸ ದೊಡ್ಡವರಿಗೇ ಇರಲಿ.

ಇನ್ನು ಬಣ್ಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಮಕ್ಕಳ ಮುಖ ಅರಳುವುದನ್ನು ನಾನು ಹೆಚ್ಚು ನೋಡಿದ್ದು ಬಣ್ಣ ತಯಾರಿಸುವಾಗ. ಬಳಿಯುವುದು ಅದರ ನಂತರದ ಸಂತೋಷ.

ಒಂದು ಚಮಚ ಅರಸಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬಿಳಿ ಕಾಗದದ ಪೂರ್ತಿ ಬಳಿದು ಒಣಗಿಸಿ. ಬಟ್ಟೆ ಒಗೆಯುವ ಬಾರ್ ಸೋಪನ್ನು ನೀರಿನಲ್ಲಿ ತಿಕ್ಕಿ, ಆ ನೀರಿಗೆ ಹಿಡಿಸೂಡಿ ಕಡ್ಡಿಯ ತುದಿ ಅದ್ದಿ ಹಳದಿಯ ಮೇಲೆ ಬರೆಯಲು ಹೇಳಿ. ಗೆರೆ ಕೆಂಪಾಗಿ ಏಳುತ್ತದೆ. ಮೇಲೆ ಲಿಂಬೆರಸ ತಾಗಿಸಿದರೆ ಕೆಂಪು ಮರೆಯಾಗಿ ಮತ್ತೆ ಹಳದಿ. ಸೋಪು ಕ್ಷಾರ, ಲಿಂಬೆ ಆಮ್ಲ. ಅರಸಿನದಲ್ಲಿರುವ ಕರ್ಕ್ಯುಮಿನ್ ಇವೆರಡಕ್ಕೂ ಬೇರೆ ಬೇರೆ ಬಣ್ಣ ತೋರಿಸುತ್ತದೆ. ಆರತಿಯ ಕೆಂಪು ನೀರಿಗೆ ನಾವು ಅರಸಿನ ಸುಣ್ಣ ಕಲಸುವುದೂ ಇದೇ ಲೆಕ್ಕ. ಆದರೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ. ಕಣ್ಣಿಗೆ ಹಾರಿದರೆ ಕಣ್ಣನ್ನೇ ಸುಡುತ್ತದೆ. ಈ ಆಟಕ್ಕೆ ಸೋಪು ಧಾರಾಳ ಸಾಕು.

ಬೇಲಿಯ ಶಂಖಪುಷ್ಪದ ಎಸಳನ್ನು ಬಿಸಿ ನೀರಿಗೆ ಹಾಕಿದರೆ ನೀಲಿ ಇಳಿಯುತ್ತದೆ, ನಾಲ್ಕು ಹನಿ ಲಿಂಬೆ ಹಿಂಡಿದರೆ ನೇರಳೆಯಾಗಿ ಗುಲಾಬಿಯ ಕಡೆಗೆ ಹೋಗುತ್ತದೆ. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ತಿಕ್ಕಿದರೆ ಬರುವುದು ಕೆಂಪಲ್ಲ, ನೇರಳೆ. ಯಾಕೆ ಹೀಗೆ ಎಂದು ಮಗಳು ಕೇಳುವವರೆಗೆ ನೀವಾಗಿ ವಿವರಿಸಬೇಡಿ. ಬಸಳೆಯ ಕಪ್ಪು ಹಣ್ಣನ್ನು ಕಿವುಚಿದರೆ ಕಡು ಗುಲಾಬಿ ಶಾಯಿ, ತೇಗದ ಚಿಗುರೆಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪು. ಇವೆಲ್ಲ ಬೇಗ ಮಾಸುವ ಬಣ್ಣಗಳು. ಅರಸಿನವಂತೂ ಬಿಸಿಲು ತಾಗಿದರೆ ಕೆಲವೇ ದಿನಗಳಲ್ಲಿ ಪೇಲವ. ಇದನ್ನು ಮೊದಲೇ ಮಕ್ಕಳಿಗೆ ಹೇಳಿಬಿಡಿ, ಆಮೇಲೆ ಬೇಸರವಾಗುವುದು ಬೇಡ.

ಮಾಸದ ಬಣ್ಣ ಬೇಕಾದರೆ ಮಣ್ಣಿಗೆ ಹೋಗಬೇಕು. ಕಾಸರಗೋಡಿನ ನೆಲವೇ ಒಂದು ಬಣ್ಣದ ಪೆಟ್ಟಿಗೆ. ಮನೆ ಕಟ್ಟುವ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಕೇರಳದ ಮಣ್ಣಿನಿಂದಲೇ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಹಾಗೆ ಕರೆದದ್ದು ಮಲಪ್ಪುರಂ ಕಡೆಯ ಅಂಗಾಡಿಪ್ಪುರಂನಲ್ಲಿ ಅದನ್ನು ಕಂಡು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಬಿಸಿಲಿಗೆ ಬಗ್ಗುವಂಥದ್ದಲ್ಲ. ಬಾವಿಯನ್ನೋ ನೀರಿನ ಸುರಂಗವನ್ನೋ ತೋಡುವಾಗ ಕೆಂಪು ಕಲ್ಲಿನ ಕೆಳಗೆ ಬಿಳಿ, ತಿಳಿ ಗುಲಾಬಿ, ಹಳದಿ ಛಾಯೆಯ ಶೇಡಿ ಮಣ್ಣು ಸಿಗುತ್ತದೆ. ನೆರೆಕರೆಯಲ್ಲಿ ಎಲ್ಲಿಯಾದರೂ ತೋಡಿ ಹೊರಹಾಕಿದ ಮಣ್ಣಿನ ರಾಶಿ ಇದ್ದರೆ ದೊಡ್ಡವರು ಹೋಗಿ ಒಂದೊಂದು ಗೆರಟೆಯಷ್ಟು ತನ್ನಿ. ಮಕ್ಕಳನ್ನು ಸುರಂಗದ ಬಾಯಿಗೆ ಕಳುಹಿಸಬೇಡಿ.

ಮಣ್ಣನ್ನು ಬಣ್ಣ ಮಾಡುವುದು ಹೀಗೆ. ಒಂದು ಹಿಡಿ ಮಣ್ಣನ್ನು ಹೆಚ್ಚು ನೀರಿನಲ್ಲಿ ಕದಡಿ. ಒಂದರಿಂದ ಹತ್ತರವರೆಗೆ ಎಣಿಸಲು ಮಗನಿಗೆ ಹೇಳಿ. ಅಷ್ಟರಲ್ಲಿ ಹರಳು, ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಹೀಗೆ ಎರಡು ಮೂರು ಸಲ ಮಾಡಿ ಕೊನೆಯ ಪಾತ್ರೆಯನ್ನು ಅಲ್ಲಾಡಿಸದೆ ರಾತ್ರಿ ಇಡೀ ಬಿಡಿ. ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಕೆಸರು. ನೀರು ಚೆಲ್ಲಿ, ಆ ಕೆಸರಿಗೆ ಸ್ವಲ್ಪ ಗಂಜಿತಿಳಿ ಸೇರಿಸಿದರೆ ಬಣ್ಣ ಸಿದ್ಧ. ಗಂಜಿತಿಳಿ ಯಾಕೆಂದರೆ ಬರಿಯ ಮಣ್ಣು ಒಣಗಿದ ಮೇಲೆ ಬೆರಳಿಗೆ ಪುಡಿಯಾಗಿ ಅಂಟುತ್ತದೆ, ಗಂಜಿ ಅದನ್ನು ಕಾಗದಕ್ಕೆ ಹಿಡಿಸುತ್ತದೆ. ಕಪ್ಪಿಗೆ ಗೆರಟೆಯ ಇದ್ದಲನ್ನು ನುಣ್ಣಗೆ ಅರೆದು ಇದೇ ರೀತಿ ಕಲಸಿ. ಬ್ರಷ್ಷಿಗೆ ಒಣ ಅಡಿಕೆ ಸಿಪ್ಪೆಯ ನಾರನ್ನು ಕಡ್ಡಿಯ ತುದಿಗೆ ಕಟ್ಟಿದರಾಯಿತು. ಹಿಂದೆ ಗೋಡೆಗೆ ಸುಣ್ಣ ಬಳಿಯಲು ಕೇದಗೆಯ ಬಿಳಲಿನ ತುದಿ ಜಜ್ಜಿ ಬ್ರಷ್ ಮಾಡುತ್ತಿದ್ದರು. ತೋಡಿನ ಬದಿಯಲ್ಲಿ ಕೇದಗೆ ಇದ್ದರೆ ಅದನ್ನೂ ಮಾಡಿ ನೋಡಿ, ಮುಳ್ಳಿನ ಬಗ್ಗೆ ಎಚ್ಚರ.

ಅಂಟಿಗೆ ಮೈದಾ ಸಾಕು. ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಒಂದು ಸಣ್ಣ ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಮಗುಚಿ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಬೇಕಾದಾಗ ಹೊಸತು ಕಾಯಿಸಿ. ಹಳಬರಲ್ಲಿ ಕೆಲವರು ಅಂಟಿಗೆ ಹುಳ ಹಿಡಿಯದಿರಲು ಮೈಲುತುತ್ತು ಸೇರಿಸುತ್ತಿದ್ದರು. ಮಕ್ಕಳ ಅಂಟಿಗೆ ಅದು ಕೂಡದು. ಅಡಿಕೆಯ ಕೊಳೆರೋಗಕ್ಕೆ ಇದೇ ಮೈಲುತುತ್ತಿನಿಂದ ಮಾಡಿದ ಬೋರ್ಡೋ ದ್ರಾವಣ ಬಿಡುವ ಕಾಲವೂ ಮಳೆಗಾಲವೇ. ನೀಲಿ ಹರಳಿನ ಚೀಲ ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಇರಬಹುದು. ಆ ನೀಲಿ ಎಷ್ಟು ಚೆಂದವೆಂದರೆ ಬಣ್ಣ ಹುಡುಕುತ್ತಿರುವ ಮಗು ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ. ಅದು ವಿಷ. ಈ ಕೆಲಸಗಳನ್ನು ಶುರು ಮಾಡುವ ಮೊದಲು ಅದನ್ನು ಬೀಗದೊಳಗೆ ಇಡಿ.

ಮಗ ಹತ್ತೇ ನಿಮಿಷ ಕೂರುತ್ತಾನೆ ಎಂದು ಬರೆದಿದ್ದೀರಿ. ಐದು ವರ್ಷಕ್ಕೆ ಅದು ಕೊರತೆಯಲ್ಲ, ಆ ವಯಸ್ಸಿನ ಅಳತೆಯೇ ಅಷ್ಟು. ಅವನಿಗೆ ಹತ್ತು ನಿಮಿಷದಲ್ಲಿ ಪೂರ್ತಿಯಾಗುವ ಕೆಲಸ ಕೊಡಿ. ಮೇಲಿನ ಮಣ್ಣು ಕದಡುವುದು, ಹತ್ತು ಎಣಿಸುವುದು ಅಂಥದ್ದು. ಕತ್ತರಿಗಿಂತ ಮೊದಲು ಕಾಗದ ಹರಿಯಲು ಬಿಡಿ. ಪೇಪರನ್ನು ಒಂದು ದಿಕ್ಕಿನಲ್ಲಿ ಹರಿದರೆ ನೇರವಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಓರೆಕೋರೆ. ಇದನ್ನು ಅವನೇ ಕಂಡುಹಿಡಿಯಬೇಕು. ಹರಿದ ತುಂಡು ಅಂಟಿಸುತ್ತ ಹೋದರೆ ಅದು ಬೆಟ್ಟವೋ ಎಮ್ಮೆಯೋ ಆಗಿಯೇ ಆಗುತ್ತದೆ.

ಅಚ್ಚು ಒತ್ತುವುದೂ ಅವನ ಕೆಲಸ. ಬೆಂಡೆಕಾಯಿಯ ಹೂವು ಎಲ್ಲರಿಗೂ ಗೊತ್ತು, ಅದಕ್ಕಿಂತ ಬಾಳೆಯನ್ನು ನೋಡಿ. ಬಾಳೆಲೆಯ ದಪ್ಪ ದಂಟನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಸಾಲು ಸಾಲು ಗಾಳಿಕೋಣೆಗಳು, ಹೊರಗೆ ಅರ್ಧಚಂದ್ರದ ಬಾಗು. ಮಣ್ಣಿನ ಬಣ್ಣಕ್ಕೆ ಅದ್ದಿ ಒತ್ತಿದರೆ ಬಲೆಯಂಥ ಅಚ್ಚು ಬೀಳುತ್ತದೆ. ಅದನ್ನೇ ಸಾಲಾಗಿ ಒತ್ತಿದರೆ ಮೀನಿನ ಹುರುಪೆ. ಕೊಯ್ದು ಸ್ವಲ್ಪ ಹೊತ್ತು ಬಿಟ್ಟು ಸೊನೆ ಒರೆಸಿಯೇ ಕೊಡಿ. ಬಾಳೆಯ ಕರೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಸಿ. ಅಚ್ಚು ಸಾಕಾಗಿ ಅವನು ಎದ್ದು ಹೋದರೆ ಕರೆದು ಕೂರಿಸಬೇಡಿ. ಸಾಮಾನನ್ನು ಚಾವಡಿಯ ಮೂಲೆಯಲ್ಲಿ ಹಾಗೆಯೇ ಇಡಿ, ಸಂಜೆ ತಾನಾಗಿ ಬರುತ್ತಾನೆ.

ಮಗಳ ವಿಷಯ ಬೇರೆ. ಒಂಬತ್ತು ವರ್ಷದ ಆಸುಪಾಸಿನಲ್ಲಿ ಮಕ್ಕಳ ಕಣ್ಣು ಕೈಗಿಂತ ಮುಂದೆ ಓಡಲು ಶುರುಮಾಡುತ್ತದೆ. ಮೊನ್ನೆಯವರೆಗೆ ತ್ರಿಕೋನ ಗೀಚಿ ಮನೆ ಎಂದವಳಿಗೆ ಈಗ ಮನೆ ಮನೆಯ ಹಾಗೆಯೇ ಕಾಣಬೇಕು. ಚಿತ್ರಕಲೆಯ ಶಿಕ್ಷಣವನ್ನು ಆಳವಾಗಿ ನೋಡಿದ ವಿಕ್ಟರ್ ಲೋವೆನ್‌ಫೆಲ್ಡ್ ಈ ವಯಸ್ಸನ್ನೇ ಒಂದು ತಿರುವು ಎಂದು ಗುರುತಿಸಿದ್ದರು. ಎಷ್ಟೋ ಮಕ್ಕಳು ‘ನನಗೆ ಬರುವುದಿಲ್ಲ’ ಎಂದು ಚಿತ್ರ ಬಿಡುವುದು ಇಲ್ಲೇ. ಅವಳ ಅಳು ಹಠದ್ದಲ್ಲ, ಅವಳಿಗೆ ವ್ಯತ್ಯಾಸ ಕಾಣುತ್ತಿದೆ. ‘ಚೆಂದ ಆಗಿದೆ ಬಿಡು’ ಎಂದರೆ ಅವಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನೀವು ತಿದ್ದಿಕೊಡುವುದಂತೂ ಇನ್ನೂ ಕೆಟ್ಟದ್ದು. ಅಮ್ಮನ ಒಂದು ಗೆರೆ ಬಿದ್ದ ಮೇಲೆ ಆ ಚಿತ್ರ ಅವಳದ್ದಾಗಿ ಉಳಿಯುವುದಿಲ್ಲ.

ಅವಳಿಗೆ ಹೆಣಿಗೆ ಕೊಡಿ. ಹೆಣಿಗೆಯಲ್ಲಿ ತಪ್ಪು ಎಲ್ಲಿ ಎಂದು ಅವಳಿಗೇ ಕಾಣುತ್ತದೆ, ಒಂದು ಸಾಲು ಬಿಚ್ಚಿದರೆ ಸರಿಯೂ ಆಗುತ್ತದೆ. ಹಾಗಾಗಿ ಹರಿದು ಹಾಕಬೇಕಾಗಿಯೇ ಬರುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ಕಡೆಯಿಂದ ಒಂದೊಂದು ಬೆರಳು ಅಗಲಕ್ಕೆ ಸೀಳುತ್ತ, ಅಂಚಿನಲ್ಲಿ ಎರಡು ಬೆರಳು ಬಿಟ್ಟು ನಿಲ್ಲಿಸಲಿ. ಬಿಡಿಸಿದ ಆ ಸೀಳುಗಳಲ್ಲಿ ಇನ್ನೊಂದು ಬಣ್ಣದ ಪಟ್ಟಿಗಳನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿದರೆ ಚಾಪೆ. ಅದು ಸಲೀಸಾದ ಮೇಲೆ ಎರಡರ ಮೇಲೆ, ಎರಡರ ಕೆಳಗೆ ಹೋಗಿ, ಪ್ರತಿ ಸಾಲಿನಲ್ಲೂ ಒಂದು ಮನೆ ಮುಂದೆ ಸರಿಯಲಿ. ಮೆಟ್ಟಿಲು ಮೆಟ್ಟಿಲಾಗಿ ಓರೆ ಗೆರೆ ಏಳುತ್ತದೆ. ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಮೊದಲೇ ಚುಕ್ಕಿ ತುಂಬಿ ತನ್ನದೇ ನಮೂನೆ ಮಾಡಿಕೊಂಡರೆ ಯಾವ ವೀಡಿಯೊದಲ್ಲೂ ಇಲ್ಲದ್ದು ಅವಳ ಕೈಯಲ್ಲಿರುತ್ತದೆ.

ಕಾಗದದಿಂದ ಓಲೆಗೆ ಹೋಗಲಿ. ತೆಂಗಿನ ಎಳೆ ಗರಿಯ ಕಡ್ಡಿ ತೆಗೆದರೆ ಎರಡು ಪಟ್ಟಿ ಸಿಗುತ್ತದೆ. ಎರಡು ಪಟ್ಟಿಯನ್ನು ಒಂದರೊಳಗೊಂದು ಮಡಚಿ ಸಿಕ್ಕಿಸಿ ನಾಲ್ಕು ಕೈ ಚಾಚಿದ ಗಿರಿಗಿಟಿ ಮಾಡಿ ನಡುವೆ ಕಡ್ಡಿ ಚುಚ್ಚಿದರೆ ಗಾಳಿಗೆ ತಿರುಗುತ್ತದೆ. ಪೀಪಿಗೆ ಒಂದು ಉದ್ದ ಪಟ್ಟಿಯನ್ನು ಪೆನ್ಸಿಲಿನಷ್ಟು ತೂತು ಬಿಟ್ಟು ಸುತ್ತಲು ಆರಂಭಿಸಿ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಅಗಲವಾಗುತ್ತ ಹೋಗಿ, ಕೊನೆಯನ್ನು ಕಡ್ಡಿಯ ತುಂಡಿನಿಂದ ಸಿಕ್ಕಿಸಬೇಕು. ಸಪೂರ ತುದಿಗೆ ಓಲೆಯ ಸಣ್ಣ ತುಂಡನ್ನು ಮಡಚಿ ಚಪ್ಪಟೆ ತುಟಿಯ ಹಾಗೆ ಸೇರಿಸಿ ಒತ್ತಿಡಿ. ಊದಿದಾಗ ನಡುಗಿ ಸದ್ದು ಕೊಡುವುದು ಆ ತುಟಿಯೇ. ಮೊದಲ ಸಲಕ್ಕೆ ಸದ್ದು ಬರದಿದ್ದರೆ ತುಟಿ ಹೆಚ್ಚು ಬಿಗಿಯಾಗಿದೆಯೋ ಸಡಿಲವಾಗಿದೆಯೋ ನೋಡಲು ಹೇಳಿ. ಸದ್ದು ಬಂದ ಮೇಲೆ ಮನೆಯವರ ಕಿವಿಗೆ ನೆಮ್ಮದಿ ಇರುವುದಿಲ್ಲ, ಅದಕ್ಕೆ ಸಿದ್ಧರಾಗಿರಿ.

ಇಬ್ಬರೂ ಸೇರಿ ಮಾಡುವ ಒಂದು ಕೆಲಸ ಬೇಕೆಂದರೆ, ಕರೆಂಟು ಹೋದ ಸಂಜೆಗೆ ನೆರಳಿನ ಬೊಂಬೆ. ಹಳೆಯ ಮದುವೆ ಕಾಗದ ದಪ್ಪವಿರುತ್ತದೆ, ಅದರಲ್ಲಿ ವೇಷ ಕತ್ತರಿಸಿ. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಕಿರೀಟ ಹೇಗಿರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ, ಆಟ ನೋಡಿಯೇ ಇರುತ್ತಾರೆ. ಕಾಸರಗೋಡಿನಲ್ಲಿ ಯಕ್ಷಗಾನ ಬೊಂಬೆಯಾಟವೂ ಇದೆ, ಅವಕಾಶ ಸಿಕ್ಕಿದರೆ ಒಮ್ಮೆ ಕರೆದೊಯ್ದು ತೋರಿಸಿ. ತೋಳನ್ನು ಬೇರೆಯಾಗಿ ಕತ್ತರಿಸಿ, ಭುಜದಲ್ಲಿ ಸೂಜಿಯಿಂದ ತೂತು ಮಾಡಿ, ನೂಲು ಹಾಯಿಸಿ ಎರಡೂ ಬದಿಗೆ ಗಂಟು ಹಾಕಿದರೆ ಕೈ ಆಡುತ್ತದೆ. ಹಿಡಿಯಲು ಹಿಡಿಸೂಡಿ ಕಡ್ಡಿ. ಕಿರೀಟದಲ್ಲಿ ಕಿಟಕಿಯಂತೆ ಕೊರೆದು, ತೆಳು ಬಿಳಿ ಕಾಗದಕ್ಕೆ ಅರಸಿನ ಬಳಿದು ಒಣಗಿಸಿ, ತೆಂಗಿನೆಣ್ಣೆ ಸವರಿ ಅಲ್ಲಿಗೆ ಹಿಂದಿನಿಂದ ಹೊಲಿಯಿರಿ. ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದಾಗ ಬೆಳಕು ಚದರದೆ ದಾಟಿ ಬರುತ್ತದೆ, ನೆರಳಿನ ಕಿರೀಟದಲ್ಲಿ ಹಳದಿ ಹೊಳೆಯುತ್ತದೆ. ಅಪ್ಪನ ಬಿಳಿ ಮುಂಡು ಪರದೆ, ಮೊಬೈಲಿನ ಟಾರ್ಚು ದೀಪ. ಎಣ್ಣೆ ಕಾಗದದ ಹತ್ತಿರ ಚಿಮಿಣಿ, ಕ್ಯಾಂಡಲು ಬೇಡವೇ ಬೇಡ. ಬೊಂಬೆಯನ್ನು ಟಾರ್ಚಿನ ಹತ್ತಿರ ತಂದರೆ ರಾಕ್ಷಸ ಬೆಳೆಯುತ್ತಾನೆ, ಪರದೆಗೆ ತಾಗಿಸಿದರೆ ಗೆರೆ ಚೂಪಾಗುತ್ತದೆ. ಐದು ವರ್ಷದವನು ಟಾರ್ಚು ಹಿಡಿಯಲಿ, ಅಕ್ಕ ಕಥೆ ಹೇಳಲಿ.

ತೋಟದಲ್ಲಿ ಸಿಗುವುದೆಲ್ಲ ಆಟದ ಸಾಮಾನಲ್ಲ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ, ಅದನ್ನು ಬೊಂಬೆಗೆ ತಲೆ ಮಾಡಲು ಬಿಡಬೇಡಿ. ಕಪ್ಪು ಚುಕ್ಕಿಯ ಗುಲಗಂಜಿ ಮಾಲೆಗೆ ಚೆಂದ, ಆದರೆ ಬೀಜದೊಳಗೆ ತೀವ್ರ ವಿಷವಿದೆ. ಗಟ್ಟಿ ಸಿಪ್ಪೆ ಒಡೆದಾಗ, ಚುಚ್ಚಿದಾಗ, ಜಗಿದಾಗ ಅದು ಹೊರಬರುತ್ತದೆ. ಪೂರ್ತಿ ಕೆಂಪಿರುವ ದೊಡ್ಡ ಮಂಜಾಡಿ ಬೀಜ ಬೇರೆ, ಅದನ್ನು ಮಗಳು ಅಂಟಿಸಿಕೊಳ್ಳಲಿ. ತಮ್ಮನ ಬಾಯಿ, ಮೂಗಿನ ಮೇಲೆ ಮಾತ್ರ ನಿಮ್ಮ ಕಣ್ಣಿರಲಿ. ಗ್ಲೂ ಗನ್ನಿನ ಅಂಟು ಕುದಿನೀರಿಗಿಂತ ಬಿಸಿ, ಕೈಗೆ ತಾಗಿದರೆ ಅಲ್ಲೇ ಅಂಟಿಕೊಂಡು ಸುಡುತ್ತದೆ. ಗ್ಲಿಟರ್ ಎಂದರೆ ಹೆಚ್ಚಾಗಿ ಪ್ಲಾಸ್ಟಿಕ್ಕಿನ ಪುಡಿಯೇ. ಅಂಗಳದಲ್ಲಿ ಚೆಲ್ಲಿದ್ದು ಒಂದು ಮಳೆಗೆ ತೋಡು ಸೇರುತ್ತದೆ. ಯುರೋಪಿನ ಒಕ್ಕೂಟದಲ್ಲಿ ಇಂಥ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟಕ್ಕೆ 2023ರ ಅಕ್ಟೋಬರಿನಿಂದ ನಿರ್ಬಂಧ ಬಂದಿದೆ. ಮಕ್ಕಳು ಮತ್ತೆ ಕೇಳಿದರೆ ಈ ಕಾರಣವನ್ನೇ ಹೇಳಿ, ದುಡ್ಡಿನ ಕಾರಣ ಹೇಳಬೇಡಿ.

ವೃತ್ತಿ ಪರಿಚಯ ಮೇಳಕ್ಕೆ ಮಗಳನ್ನು ಸೇರಿಸಬಹುದು, ಎಲ್‌ಪಿ, ಅಂದರೆ ಕೆಳ ಪ್ರಾಥಮಿಕ ವಿಭಾಗದ ಮಕ್ಕಳಿಗೂ ಅಲ್ಲಿ ಸ್ಪರ್ಧೆ ಉಂಟು. ಮನೆಯಲ್ಲಿ ಮಾಡಿ ಒಯ್ದದ್ದು ಅಲ್ಲಿ ನಡೆಯುವುದಿಲ್ಲ, ಕೊಟ್ಟ ಸಮಯದೊಳಗೆ ಅಲ್ಲೇ ಕುಳಿತು ಮಾಡಿ ತೋರಿಸಬೇಕು. ನನಗೆ ಆ ಪದ್ಧತಿ ಇಷ್ಟ. ಹೆತ್ತವರ ಕೈ ಅದರಲ್ಲಿ ಸೇರಲಾಗದು. ಓಲೆಯ ಹೆಣಿಗೆ, ಗೆರಟೆಯ ವಸ್ತು, ಮಣ್ಣಿನ ಮಾದರಿ, ಕಾಗದದ ಕೆಲಸ ಹೀಗೆ ವಿಭಾಗ ಹಲವು. ಗೆರಟೆಗೆ ಹ್ಯಾಕ್ಸಾ ಬ್ಲೇಡು, ಅರ ಬೇಕಾಗುವುದರಿಂದ ಈ ವರ್ಷ ಅದು ಬೇಡ. ಓಲೆಯನ್ನೇ ಹಿಡಿಯಲಿ. ಆದರೆ ಈಗಲೇ ಹೆಸರು ಕೊಡುವ ಅವಸರ ಮಾಡಬೇಡಿ. ಕಾಗದದ ಚಾಪೆಯಿಂದ ಓಲೆಗೆ ಬಂದು, ಸಣ್ಣದೊಂದು ಬುಟ್ಟಿಯನ್ನು ಯಾರನ್ನೂ ಕೇಳದೆ ಬುಡದಿಂದ ಅಂಚಿನವರೆಗೆ ಹೆಣೆದು, ಬೇಕಾದಾಗ ಬಿಚ್ಚಿ ಮತ್ತೆ ಹೆಣೆಯುವಷ್ಟು ಕೈ ಬಂದ ಮೇಲೆ ಅವಳನ್ನೇ ಕೇಳಿ. ಹೋಗುತ್ತೇನೆ ಎಂದರೆ ಶಾಲೆಯ ಟೀಚರಿಗೆ ಹೆಸರು ಕೊಡಿ. ಬೇಡ ಎಂದರೆ ಆ ಬುಟ್ಟಿಯಲ್ಲಿ ಈರುಳ್ಳಿ ಹಾಕಿ ಅಡುಗೆಮನೆಯಲ್ಲಿ ಬಳಸಿ.